ಸಿಗ್ನಲ್ ಹೋದರೂ ಉಳಿಯುವ ಪುಟ

ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಯ ಕಡೆಗೆ ಹೊರಟಿದ್ದೀರಿ, ದಾರಿಯಲ್ಲಿ ಮೊಬೈಲಿನಲ್ಲೇ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದೀರಿ ಎಂದುಕೊಳ್ಳಿ. ಬೆಟ್ಟದ ತಿರುವೊಂದರಲ್ಲಿ ಸಿಗ್ನಲ್ ಹೋಗುತ್ತದೆ. ‘ಸಲ್ಲಿಸಿ’ ಎಂಬಲ್ಲಿ ಒತ್ತಿದರೆ ಬರೆದದ್ದೆಲ್ಲ ಮಾಯ! ಅಂದೇ ಕೊನೆಯ ದಿನವಾಗಿದ್ದರೆ ವೇತನವೂ ಕೈತಪ್ಪಿತು. ತಪ್ಪು ನಿಮ್ಮದಲ್ಲ. ಸಂಪರ್ಕ ಸದಾ ಇರುತ್ತದೆ ಎಂದು ನಂಬಿ ಆ ಪುಟವನ್ನು ಕಟ್ಟಲಾಗಿದೆ.

ಹಿಂದಿನ ವೆಬ್ ಪುಟಗಳಲ್ಲಿ ಒಂದು ಗುಂಡಿ ಒತ್ತಿದರೂ ಇಡೀ ಪುಟ ದೂರದ ಸರ್ವರಿನಿಂದ ಮತ್ತೆ ಬರಬೇಕಿತ್ತು. ಪುಟವೇ ಒಂದು ತಂತ್ರಾಂಶದಂತೆ ಚುರುಕಾಗಿ ಕೆಲಸ ಮಾಡಲಿ ಎಂಬ ಆಸೆಗೆ 2002ರಲ್ಲಿ ಮ್ಯಾಕ್ರೊಮೀಡಿಯಾ ಕಂಪನಿ ‘ರಿಚ್ ಇಂಟರ್ನೆಟ್ ಅಪ್ಲಿಕೇಶನ್’ ಎಂದು ಹೆಸರಿಟ್ಟಿತು. ಅದರ ಫ್ಲ್ಯಾಶ್ 2020ರ ಕೊನೆಗೆ ನಿಂತುಹೋಯಿತು. ಹೆಸರಿನಲ್ಲಿ ಸಿರಿವಂತಿಕೆ ಇತ್ತು, ಆದರೆ ಸಂಪರ್ಕ ಕಡಿದರೆ ಅಂಥ ಬಹುಪಾಲು ಪುಟಗಳು ಬಡವಾಗುತ್ತಿದ್ದವು. 2007ರಲ್ಲಿ ಗೂಗಲ್ ತಂದ ‘ಗೇರ್ಸ್’ ಈ ಕೊರತೆ ನೀಗಲು ಯತ್ನಿಸಿತಾದರೂ ಬಹುಕಾಲ ಬಾಳಲಿಲ್ಲ.

ಈಗಿನ ಉಪಾಯದ ಹೆಸರು ‘ಸರ್ವೀಸ್ ವರ್ಕರ್’. ಇದು ಬ್ರೌಸರಿನೊಳಗೆ, ಪುಟಕ್ಕೂ ಜಾಲಕ್ಕೂ ನಡುವೆ ಕೂರುವ ಪುಟ್ಟ ಪ್ರೋಗ್ರಾಮು. ನೀವು ಸಂಪರ್ಕವಿದ್ದಾಗ ಮೊದಲ ಬಾರಿ ಬಂದರೆ ಪುಟದ ಭಾಗಗಳನ್ನು ಮೊಬೈಲಿನಲ್ಲೇ ಕೂಡಿಡುತ್ತದೆ. ಮುಂದಿನ ಸಲ ಪುಟ ಏನೇ ಕೇಳಲಿ, ತನ್ನ ಉಗ್ರಾಣದಲ್ಲಿದ್ದರೆ ಅಲ್ಲಿಂದಲೇ ಕೊಡುತ್ತದೆ. ನೀವು ಬರೆದದ್ದನ್ನು ಬ್ರೌಸರಿನ ಇನ್ನೊಂದು ಸಂಗ್ರಹದಲ್ಲಿ ಇಡಬಹುದು. ಅದನ್ನು ಕಳಿಸುವುದು ಹೇಗೆ? ಅಡಿಕೆ ತೋಟದ ಪಂಪಿಗೆ ಆಟೋ ಸ್ಟಾರ್ಟರ್ ಹಾಕಿರುವುದನ್ನು ನೋಡಿದ್ದೀರಲ್ಲ? ಕರೆಂಟು ನಡುರಾತ್ರಿ ಬಂದರೂ ಮೋಟಾರು ತಾನೇ ಓಡುತ್ತದೆ. ಹಾಗೆಯೇ ಸಿಗ್ನಲ್ ಬಂದೊಡನೆ ಬರಹ ತಾನೇ ಹೋಗುವಂತೆ ಮಾಡಬಹುದು. ಈ ಸೌಲಭ್ಯ ಎಲ್ಲ ಬ್ರೌಸರುಗಳಲ್ಲಿ ಇಲ್ಲ. ಇಲ್ಲದ ಕಡೆ ಪುಟವನ್ನು ಮತ್ತೆ ತೆರೆಯಬೇಕಾಗುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಒಂದು. 2015ರಲ್ಲಿ ಅದು ಮೊಬೈಲ್ ಜಾಲತಾಣವನ್ನು ಮುಚ್ಚಿ, ಗ್ರಾಹಕರನ್ನು ಆ್ಯಪ್‌ ಕಡೆಗೆ ತಿರುಗಿಸಿತ್ತು. ಅದೇ ವರ್ಷ ನವೆಂಬರಿನಲ್ಲಿ ಮನಸ್ಸು ಬದಲಿಸಿ, ಸರ್ವೀಸ್ ವರ್ಕರ್ ಬಳಸಿದ ‘ಫ್ಲಿಪ್‌ಕಾರ್ಟ್ ಲೈಟ್’ ತಂದಿತು. 2ಜಿ ಸಂಪರ್ಕದವರಿಗೂ ಅಂಗಡಿ ತೆರೆಯಿತು. ಅಂಗಡಿಗೆ ಆದದ್ದು ಅರ್ಜಿಗೆ ಏಕಾಗಬಾರದು?

ಕಷ್ಟವಿಲ್ಲವೆಂದಲ್ಲ. ಒಂದೇ ಅರ್ಜಿಯನ್ನು ಸಿಗ್ನಲ್ ಇಲ್ಲದೆ ನಿಮ್ಮ ಮೊಬೈಲಿನಲ್ಲಿ ನೀವು, ಅಣ್ಣನ ಮೊಬೈಲಿನಲ್ಲಿ ಅಣ್ಣ ತಿದ್ದಿದಿರಿ. ಬ್ಯಾಂಕ್ ಖಾತೆಯ ಸಂಖ್ಯೆ ಎರಡರಲ್ಲೂ ಬೇರೆ. ಸರ್ವರು ಯಾವುದನ್ನು ನಂಬಬೇಕು? ಕೊನೆಗೆ ಬಂದದ್ದೇ ನಿಲ್ಲಲಿ ಎಂಬುದು ಸೋಮಾರಿ ಉತ್ತರ. ಎರಡನ್ನೂ ತೋರಿಸಿ ನಿಮ್ಮನ್ನೇ ಕೇಳುವುದು ಸರಿಯಾದ ಕ್ರಮ.

ಬಳಸುವ ಪುಟ ಎಂಥದ್ದೆಂದು ಪರೀಕ್ಷಿಸಬೇಕೇ? ಒಮ್ಮೆ ತೆರೆದು, ಏರೋಪ್ಲೇನ್ ಮೋಡ್ ಹಾಕಿ, ಮತ್ತೆ ತೆರೆಯಿರಿ. ಪುಟ ಬಂದರೂ ಒಂದೆರಡು ಸಾಲು ತುಂಬಿ, ಮುಚ್ಚಿ, ಪುನಃ ತೆರೆದು ಬರೆದದ್ದು ಉಳಿದಿದೆಯೇ ನೋಡಿ. ಬ್ರೌಸರಿನ ಡೇಟಾ ಅಳಿಸಿದರೆ ಕಳಿಸದೆ ಉಳಿದ ಬರಹವೂ ಅಳಿಯುತ್ತದೆ. ಸ್ವೀಕೃತಿ ಸಂಖ್ಯೆ ಪರದೆಯ ಮೇಲೆ ಬರುವವರೆಗೆ ಅರ್ಜಿ ಇನ್ನೂ ನಿಮ್ಮ ಜೇಬಿನಲ್ಲೇ ಇದೆ.