ರೊಸೇಸಿಯ: ಮುಖ ಕೆಂಪೇರುವ ವ್ಯಾಧಿ ಯಾರಿಗೆ, ಎಷ್ಟು ಜನರಿಗೆ?

ಕೆನ್ನೆ, ಮೂಗು, ಹಣೆ ಮತ್ತು ಗದ್ದದ ಮೇಲೆ ಪದೇ ಪದೇ ಕೆಂಪೇರಿ, ಕಾಲಕ್ರಮದಲ್ಲಿ ಆ ಕೆಂಪು ಅಲ್ಲಿಯೇ ನೆಲೆಸಿಬಿಡುವ ಚರ್ಮವ್ಯಾಧಿಗೆ ರೊಸೇಸಿಯ ಎಂದು ಹೆಸರು. ಮುಖದ ಸೂಕ್ಷ್ಮ ರಕ್ತನಾಳಗಳು ಹಿಗ್ಗುವುದು ಮತ್ತು ಚರ್ಮದ ರಕ್ಷಣಾ ವ್ಯವಸ್ಥೆಯು ಅತಿಯಾಗಿ ಕೆರಳುವುದು ಇದರ ಮುಖ್ಯ ಲಕ್ಷಣಗಳು. ಕೆಲವರಲ್ಲಿ ಮೊಡವೆಯನ್ನು ಹೋಲುವ ಗುಳ್ಳೆಗಳೂ ಏಳುತ್ತವೆ. ಇದು ಪ್ರಾಣಾಪಾಯಕರವಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆದರೆ ಮುಖದಲ್ಲಿಯೇ ಕಾಣಿಸಿಕೊಳ್ಳುವುದರಿಂದ ರೋಗಿಗೆ ಉಂಟಾಗುವ ಸಂಕೋಚ ಮತ್ತು ಮನೋವ್ಯಥೆ ಅಲ್ಪವಲ್ಲ.

ಎಷ್ಟು ಜನರಲ್ಲಿ?

ಇದು ಅಪರೂಪದ ವ್ಯಾಧಿಯೆಂಬ ಭಾವನೆ ಸರಿಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಯಸ್ಕರಲ್ಲಿ ಶೇಕಡ 5.5ರಷ್ಟು ಮಂದಿಗೆ, ಅಂದರೆ ಸುಮಾರು 18 ಜನರಲ್ಲಿ ಒಬ್ಬರಿಗೆ ಈ ತೊಂದರೆಯಿದೆ. ಸ್ವೀಡನ್ ದೇಶದಲ್ಲಿ 809 ಮಂದಿ ಕಚೇರಿ ನೌಕರರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಪ್ರಮಾಣವು ಶೇಕಡ 10 ಇತ್ತು. ಪರೀಕ್ಷಿಸಿದ ವಿಧಾನ, ವಯಸ್ಸು ಹಾಗೂ ಜನಸಮುದಾಯ ಬೇರೆಯಾದಂತೆ ಅಂಕಿಗಳೂ ಬೇರೆಯಾಗುತ್ತವೆ.

ಯಾರಲ್ಲಿ ಹೆಚ್ಚು?

ಸಾಮಾನ್ಯವಾಗಿ 30 ವರ್ಷ ದಾಟಿದವರಲ್ಲಿ ಇದು ತಲೆದೋರುತ್ತದೆ. 45ರಿಂದ 60ರ ವಯಸ್ಸಿನಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮಕ್ಕಳಲ್ಲಿ ಅಪರೂಪ. ಚಿಕಿತ್ಸೆಗೆ ಬರುವವರಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚು. ಆದರೆ ಮೂಗಿನ ಚರ್ಮವು ದಪ್ಪನಾಗಿ, ಗಂಟುಗಂಟಾಗಿ ಬೆಳೆಯುವ ಬಗೆಯು ಪುರುಷರಲ್ಲಿಯೇ ಅಧಿಕ. ಅಂತಹ ಮೂಗನ್ನು ಕಂಡು ಆತನನ್ನು ಕುಡುಕನೆಂದು ಹಳಿಯುವುದು ಅನ್ಯಾಯ. ಮದ್ಯಪಾನವು ಈ ವ್ಯಾಧಿಯನ್ನು ಕೆರಳಿಸಬಲ್ಲದು ನಿಜ. ಆದರೆ ಮದ್ಯವನ್ನು ಮುಟ್ಟದವರಿಗೂ ಇದು ಬರುತ್ತದೆ. ಮನೆತನದಲ್ಲಿ ಇತರರಿಗೆ ಇದ್ದರೆ ಬರುವ ಸಂಭವ ಹೆಚ್ಚು.

ಬಿಳಿಯ ಚರ್ಮದ ಉತ್ತರ ಯೂರೋಪಿನ ಮೂಲದವರಲ್ಲಿ ಇದನ್ನು ಹೆಚ್ಚಾಗಿ ಗುರುತಿಸಲಾಗಿದೆ. ಇದರಿಂದಾಗಿ ಇದು ಬಿಳಿಯರ ಕಾಯಿಲೆ ಎಂಬ ತಿಳುವಳಿಕೆ ವೈದ್ಯರಲ್ಲಿಯೂ ಬೇರೂರಿತು. ವಾಸ್ತವದಲ್ಲಿ ಕಂದು ಮತ್ತು ಕಪ್ಪು ಚರ್ಮದವರಿಗೂ ಇದು ಬರುತ್ತದೆ. ಅವರ ಚರ್ಮದ ಬಣ್ಣವು ಕೆಂಪನ್ನು ಮರೆಮಾಡುವುದರಿಂದ ಗುರುತಿಸುವುದು ತಡವಾಗುತ್ತದೆ.

ನಮ್ಮವರಲ್ಲಿ ಗುರುತಿಸುವುದು ಹೇಗೆ?

ಕಂದು ಚರ್ಮದಲ್ಲಿ ಕೆಂಪನ್ನು ಮಾತ್ರವೇ ಹುಡುಕಿದರೆ ಸಾಲದು. ಬಿಸಿಲಿಗೆ ಹೋದಾಗ, ಒಲೆಯ ಮುಂದೆ ಕುಳಿತಾಗ, ಬಿಸಿ ಪಾನೀಯ ಅಥವಾ ಖಾರದ ಊಟ ಸೇವಿಸಿದಾಗ, ಕೋಪ ತಾಪಗಳಾದಾಗ ಮುಖವು ಬಿಸಿಯೇರಿ ಉರಿಯುತ್ತದೆಯೇ ಎಂದು ವಿಚಾರಿಸಬೇಕು. ಹಗಲು ಬೆಳಕಿನಲ್ಲಿ ನೋಡಿದರೆ ಕೆನ್ನೆಯು ಕಂದುಗೆಂಪಾಗಿಯೋ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿಯೋ ತೋರಬಹುದು. ಮೊಡವೆಯಲ್ಲಿ ಚರ್ಮದ ರಂಧ್ರಗಳಲ್ಲಿ ಕಪ್ಪು ಚುಕ್ಕೆಗಳು ಕಟ್ಟಿಕೊಂಡಿರುತ್ತವೆ. ರೊಸೇಸಿಯದ ಗುಳ್ಳೆಗಳಲ್ಲಿ ಅವು ಇರುವುದಿಲ್ಲ. ಕೆಲವರಿಗೆ ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಕಣ್ಣು ಕೆಂಪಾಗುವುದು, ರೆಪ್ಪೆಯ ಅಂಚಿನಲ್ಲಿ ಮತ್ತೆ ಮತ್ತೆ ಕುರು ಏಳುವುದು ಉಂಟು. ಕಣ್ಣಿನ ತೊಂದರೆಯನ್ನು ಅಲಕ್ಷಿಸಿದರೆ ದೃಷ್ಟಿಗೆ ಹಾನಿಯಾದೀತು.

ಮುಖದ ಕೆಂಪಿಗೆ ಲೂಪಸ್, ಕುಷ್ಠ ಮುಂತಾದ ಬೇರೆ ಕಾರಣಗಳೂ ಇರಬಹುದಾದುದರಿಂದ, ತಾವೇ ನಿರ್ಧರಿಸದೆ ವೈದ್ಯರಿಗೆ ತೋರಿಸುವುದೇ ಸೂಕ್ತ.

ಮುಲಾಮಿನಿಂದ ಬರುವ ತೊಂದರೆ

ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸ್ಟಿರಾಯ್ಡ್ ಬೆರೆತ ಮುಲಾಮನ್ನು ಮುಖಕ್ಕೆ ಬಹುಕಾಲ ಹಚ್ಚಿದರೆ ರೊಸೇಸಿಯವನ್ನೇ ಹೋಲುವ ಕೆಂಪು, ಉರಿ ಮತ್ತು ಗುಳ್ಳೆಗಳು ಉಂಟಾಗುತ್ತವೆ. ಭಾರತದ 12 ಚರ್ಮರೋಗ ಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ ಇಂತಹ ಮುಲಾಮು ಬಳಸುತ್ತಿದ್ದರೆಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಮಹಿಳೆಯರು. ಮೈಬಣ್ಣ ತಿಳಿಯಾಗಲೆಂದೋ ಮೊಡವೆ ಹೋಗಲೆಂದೋ ಹಚ್ಚಿದವರು ಅನೇಕ. ಮೊದಲ ಕೆಲವು ದಿನ ಮುಖವು ಹೊಳೆಯುತ್ತದೆ. ನಂತರ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ. ಮುಲಾಮು ಬಿಟ್ಟೊಡನೆ ಉರಿ ಹೆಚ್ಚಾಗುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ರೋಗವನ್ನು ತಂದ ಮುಲಾಮೇ ಔಷಧವೆಂದು ತೋರುತ್ತದೆ. ಈ ಸುಳಿಯಿಂದ ಹೊರಬರಲು ವೈದ್ಯರ ನೆರವು ಅಗತ್ಯ. ಅಂಗಡಿಯವರ ಅಥವಾ ನೆರೆಯವರ ಮಾತಿನಂತೆ ಮುಖಕ್ಕೆ ಮುಲಾಮು ಹಚ್ಚಬಾರದು. ಮದುವೆಗೆ ಸಿದ್ಧಳಾಗುತ್ತಿರುವ ಮಗಳಿಗೆ ತಂದುಕೊಡಲೂಬಾರದು.

ಚಿಕಿತ್ಸೆ

ರೊಸೇಸಿಯವನ್ನು ಬುಡಸಮೇತ ಕಿತ್ತುಹಾಕುವ ಔಷಧವಿಲ್ಲ, ಹತೋಟಿಯಲ್ಲಿಡುವುದು ಸಾಧ್ಯ. ಮೆಟ್ರೊನಿಡಜೋಲ್, ಅಜಿಲೇಯಿಕ್ ಆಮ್ಲ, ಐವರ್‌ಮೆಕ್ಟಿನ್ ಇವುಗಳ ಲೇಪನಗಳನ್ನೂ, ಅಗತ್ಯವಿದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆಗಳನ್ನೂ ವೈದ್ಯರು ಸೂಚಿಸುತ್ತಾರೆ. ಗರ್ಭಿಣಿಯರು ಡಾಕ್ಸಿಸೈಕ್ಲಿನ್ ಸೇವಿಸಬಾರದು. ಕೆಲವು ತೀವ್ರ ಸಂದರ್ಭಗಳಲ್ಲಿ ಕೊಡುವ ಐಸೊಟ್ರೆಟಿನಾಯಿನ್ ಔಷಧವು ಗರ್ಭದಲ್ಲಿನ ಶಿಶುವಿಗೆ ಘೋರ ಅಂಗವಿಕಲತೆಯನ್ನು ಉಂಟುಮಾಡಬಲ್ಲದು. ಆದುದರಿಂದ ಅದನ್ನು ಸೇವಿಸುವ ಮಹಿಳೆಯರು ವೈದ್ಯರು ಹೇಳಿದ ಅವಧಿಯವರೆಗೆ ಗರ್ಭನಿರೋಧಕ ಕ್ರಮವನ್ನು ತಪ್ಪದೆ ಅನುಸರಿಸಬೇಕು. ಯಾವುದೇ ಔಷಧವನ್ನು ಪಡೆಯುವ ಮುನ್ನ ತಾವು ಗರ್ಭಿಣಿಯೇ, ಗರ್ಭ ಧರಿಸುವ ಇಚ್ಛೆಯಿದೆಯೇ, ಮಗುವಿಗೆ ಹಾಲೂಡಿಸುತ್ತಿರುವಿರೇ ಎಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ.

ಹೊಲದಲ್ಲಿ ದುಡಿಯುವಾಗ ತಲೆಯ ಮೇಲೆ ಸೆರಗು ಅಥವಾ ಟೋಪಿ, ಮುಖಕ್ಕೆ ಬಿಸಿಲು ತಡೆಯುವ ಲೇಪನ, ಹೊಗೆ ಮತ್ತು ಶಾಖ ಹೊರಹೋಗುವಂತಹ ಅಡುಗೆಮನೆ, ತಣ್ಣೀರಿನಿಂದ ಮೃದುವಾಗಿ ಮುಖ ತೊಳೆಯುವುದು — ಇವು ಎಲ್ಲರಿಗೂ ಸಾಧ್ಯವಾದ ಉಪಾಯಗಳು. ಯಾವುದರಿಂದ ಮುಖವು ಉರಿಯುತ್ತದೆಂಬುದನ್ನು ರೋಗಿಯೇ ಗಮನಿಸಿ ಅದನ್ನು ದೂರವಿಡಬೇಕು. ಮುಖದ ಕೆಂಪು ಯಾರ ಪಾಪದ ಫಲವೂ ಅಲ್ಲ, ದುಶ್ಚಟದ ಗುರುತೂ ಅಲ್ಲ. ತಿಂಗಳುಗಟ್ಟಲೆ ಉಳಿದ ಕೆಂಪು ಅಥವಾ ಉರಿಯನ್ನು ಮರೆಮಾಚದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿರಿ. ಈವರೆಗೆ ಹಚ್ಚಿದ ಮುಲಾಮಿನ ಕೊಳವೆಯನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗಿರಿ.