ಪಿಸ್ತೂಲು ಕೆಮ್ಮಿದರೆ ಲೇತ್ ಅಂಗಡಿಗೆ ಓಡಬೇಡಿ!

ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಅಂಗಡಿಗಳಿಗೆ ಬರವಿಲ್ಲ. ಮಿಕ್ಸಿ ಜಾರಿನ ಬುಷ್ಷಿನಿಂದ ಲಾರಿಯ ಶಾಫ್ಟಿನವರೆಗೆ ಇಲ್ಲಿ ರಿಪೇರಿಯಾಗದ ಮಾಲೇ ಇಲ್ಲ ಅಂತ ಈ ಕಡೆಯ ಜನಕ್ಕೆ ಹೆಮ್ಮೆ. ಹೆಮ್ಮೆ ಸರಿಯೇ. ಆದರೆ ಒಂದು ಮಾಲು ಮಾತ್ರ ಈ ಅಂಗಡಿಗಳ ಮೆಟ್ಟಿಲು ಹತ್ತುವಂತಿಲ್ಲ. ಅದು ಪಾಯಿಂಟ್ ಟೂಟೂ ಪಿಸ್ತೂಲು.

ಲೈಸೆನ್ಸ್ ಪಡೆದು ಪಂದ್ಯಕ್ಕಾಗಿ ಗುರಿ ಅಭ್ಯಾಸ ಮಾಡುವವರ ಕೈಲಿರುವ ಪಿಸ್ತೂಲು ಇದು. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ .22 ರೈಫಲ್ ಹಾರಿಸಿದವರಿಗೆ ಇದರ ತೋಟಾ ಗೊತ್ತು. ಸೀಸದ ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ನೋಡೋಕೆ ಚಿಕ್ಕದು, ಕೊಡುವ ಕಾಟ ದೊಡ್ಡದು. ಎರಡು ಗುಂಡು ಸಲೀಸಾಗಿ ಹಾರುತ್ತೆ, ಮೂರನೆಯದು ನಳಿಗೆಯ ಬಾಯಲ್ಲೇ ಅಡ್ಡಡ್ಡ ಸಿಕ್ಕಿಕೊಳ್ಳುತ್ತೆ. 25 ಮೀಟರ್ ರ‍್ಯಾಪಿಡ್ ಫೈರ್ ಪಂದ್ಯದಲ್ಲಿ ಐದು ಗುರಿಗೆ ಐದು ಗುಂಡು. ಬಿಗಿಯಾದ ಸುತ್ತಿನಲ್ಲಿ ಸಿಗೋದು 4 ಸೆಕೆಂಡು ಮಾತ್ರ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಪಂದ್ಯದಲ್ಲಿ. ಅಂಥ ಕಡೆ ಒಂದು ತೋಟಾ ಮುನಿಸಿಕೊಂಡರೆ ವರ್ಷದ ದುಡಿಮೆ ನೀರಿಗೆ ಹೋಮ.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೋದಲ್ಲಿ ಹಿಡಿದದ್ದು 50 ಮೀಟರ್ ಪಿಸ್ತೂಲು. ತೋಟಾ ಅದೇ .22, ಆದರೆ ಒಂದೊಂದಾಗಿ ಕೈಯಿಂದಲೇ ತುಂಬೋದು. ದಿವ್ಯಾ ಟಿ.ಎಸ್. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಬೆಳ್ಳಿ ತಂದದ್ದು ಏರ್ ಪಿಸ್ತೂಲಿನಲ್ಲಿ. ಅದಕ್ಕೆ ತೋಟಾನೇ ಬೇಡ. ಮ್ಯಾಗಜೀನ್ ಇದ್ದವರಿಗೇ ಈ ಪೇಚಾಟ.

ಏಕೆ? ಎಲ್ಲಕ್ಕೂ ಮೂಲ ತೋಟಾದ ಅಂಚು. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವೆ ಇರುತ್ತೆ. ಇದರಲ್ಲಿ ತಳದ ಸುತ್ತ ಹೊರಚಾಚಿದ ತೆಳು ಅಂಚಿನೊಳಗೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತಿತೋ, ಬಿ.ಎಂ.ಟಿ.ಸಿ. ಬಸ್ಸಿನ ಬಾಗಿಲಲ್ಲಿ ಇಳಿಯೋರೂ ಹತ್ತೋರೂ ಸಿಕ್ಕಿಕೊಂಡ ಹಾಗೆ! ಅವಸರದಲ್ಲಿ ತುಂಬಿದವರಿಗೆ ಇದು ಖಾಯಂ ಬಹುಮಾನ.

ಇನ್ನೊಂದು, ಕೊಳೆ. ಮೆತ್ತನೆ ಸೀಸಕ್ಕೆ ಮೇಣದಂಥ ಜಿಡ್ಡು ಬಳಿದಿರುತ್ತಾರೆ. ಆ ಜಿಡ್ಡು, ಸೀಸದ ಪುಡಿ, ಮದ್ದಿನ ಮಸಿ ಮೂರೂ ಸೇರಿ ತೋಟಾ ಕೂರುವ ಗೂಡಿನಲ್ಲಿ ಗಟ್ಟಿಯಾಗುತ್ತವೆ. ಆಮೇಲೆ ತೋಟಾ ಪೂರ್ತಿ ಒಳಗೆ ಹೋಗೋದಿಲ್ಲ. ಕೆಲವರು ಅಂಗಡಿಯ ಶಟರಿಗೆ ಸುರಿದಂತೆ ಎಣ್ಣೆ ಸುರೀತಾರೆ. ಅದು ಮಸಿಯನ್ನು ಇನ್ನಷ್ಟು ಹಿಡಿದಿಡುತ್ತೆ, ಅಷ್ಟೆ.

ಮ್ಯಾಗಜೀನ್ ಒಮ್ಮೆ ಸಿಮೆಂಟ್ ನೆಲಕ್ಕೆ ಬಿದ್ದರೆ ಅದರ ತುಟಿ ಕೂದಲೆಳೆಯಷ್ಟು ಬಾಗಬಹುದು. ಕಣ್ಣಿಗೆ ಕಾಣೋದಿಲ್ಲ, ತೋಟಾದ ಮೂತಿ ಮಾತ್ರ ಮೇಲೋ ಕೆಳಗೋ ತಿರುಗಿರುತ್ತೆ. ತೋಟಾದ ಜೋರೂ ಲೆಕ್ಕಕ್ಕೆ ಬರುತ್ತೆ. ಪಂದ್ಯದ ಪಿಸ್ತೂಲಿನ ಸ್ಪ್ರಿಂಗು ಸಾಧಾರಣ ವೇಗದ, ಅಂದರೆ ಸೆಕೆಂಡಿಗೆ ಸುಮಾರು 330 ಮೀಟರ್ ಓಡುವ ತೋಟಾಕ್ಕೆ ಹೊಂದಿಸಿದ್ದು. ತೋಟಾ ಸಪ್ಪೆಯಾದರೆ, ಇಲ್ಲವೇ ಹಿಡಿದವರ ಮಣಿಕಟ್ಟು ಸಡಿಲವಾದರೆ, ಸ್ಲೈಡು ಅರ್ಧಕ್ಕೇ ವಾಪಸ್ಸು. ಖಾಲಿ ಕೊಳವೆ ಬಾಗಿಲಲ್ಲೇ ಸಿಕ್ಕಿಬೀಳುತ್ತೆ.

ಕಳ್ಳನನ್ನು ಹಿಡಿಯೋದು ಹೇಗೆ? ಮ್ಯಾಗಜೀನ್‌ಗಳಿಗೆ 1, 2 ಅಂತ ನಂಬರು ಬರೆಯಬೇಕು. ಪ್ರತಿ ಸಲ ಸಿಕ್ಕಿಕೊಂಡಾಗ ಯಾವ ನಂಬರು, ಎಷ್ಟನೇ ಗುಂಡು, ಯಾವ ಡಬ್ಬಿಯ ತೋಟಾ ಅಂತ ಚೀಟಿಯಲ್ಲಿ ಗುರುತು ಹಾಕಬೇಕು. ಸದಾ 2ರಲ್ಲೇ ತೊಂದರೆ ಅಂದರೆ ಪಿಸ್ತೂಲು ನಿರಪರಾಧಿ. ಎರಡರಲ್ಲೂ ಅಂದರೆ ಮೊದಲು ಗೂಡು ತೊಳೆಯೋದು. ಆಗಲೂ ಹೋಗದಿದ್ದರೆ ತೋಟಾದ ಬ್ರಾಂಡು ಬದಲಿಸೋದು. ಆಮೇಲೇ ಸ್ಪ್ರಿಂಗಿನ ಮಾತು. ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದ್ದಂತ ದೇವರಿಗೂ ತಿಳಿಯದು.

ಕುದುರೆ ಎಳೆದರೂ ಸಿಡಿಯಲಿಲ್ಲವೋ, ತಕ್ಷಣ ತೆರೆಯಬಾರದು. ಮೂತಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು. ತಡವಾಗಿ ಸಿಡಿಯುವ ತೋಟಾಗಳೂ ಉಂಟು. ಢಂ ಅನ್ನೋ ಬದಲು ಪುಸ್ ಅಂದರಂತೂ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯೊಳಗೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತೆ, ಸೀಳಲೂಬಹುದು.

ಪಂದ್ಯದಲ್ಲಿ ಇನ್ನೊಂದು ಎಚ್ಚರ. ಸಿಕ್ಕಿಕೊಂಡ ಕೂಡಲೇ ಸ್ಲೈಡಿಗೆ ಕೈ ಹಾಕಿದರೆ ನಿಯಮದ ಪ್ರಕಾರ ತಪ್ಪು ಆಟಗಾರನದೇ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಖಾಲಿ ಕೈ ಎತ್ತಬೇಕು, ಅಧಿಕಾರಿ ಬಂದು ನೋಡಬೇಕು. ನಿಜವಾದ ದೋಷ ಅಂತ ಒಪ್ಪಿದರೆ ಮತ್ತೆ ಹೊಡೆಯಲು ಅವಕಾಶ. ಮ್ಯಾಗಜೀನ್ ಸರಿಯಾಗಿ ಸಿಕ್ಕಿಸಿರಲಿಲ್ಲ, ತೋಟಾ ಕಮ್ಮಿ ತುಂಬಿತ್ತು ಅಂತ ಕಂಡರೆ ಆ ಗುಂಡುಗಳಿಗೆ ಸೊನ್ನೆ.

ಇನ್ನು ಲೇತ್ ವಿಚಾರ. ಮ್ಯಾಗಜೀನ್ ತುಟಿ ಸರಿಮಾಡೋದು, ಸ್ಪ್ರಿಂಗು ಸುತ್ತೋದು ನಮ್ಮ ಮೇಸ್ತ್ರಿಗಳಿಗೆ ಹತ್ತು ನಿಮಿಷದ ಕೆಲಸ. ಆದರೆ 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವಂತಿಲ್ಲ, ಬಿಡಿಭಾಗವೂ ಆಯುಧವೇ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ. ಪರಿಚಯದವರು, ಐವತ್ತು ರೂಪಾಯಿ ಜಾಸ್ತಿ ಕೊಡ್ತಾರೆ ಅಂತ ಕೈ ಹಾಕಿದ ಬಡ ಮೇಸ್ತ್ರಿಯೂ ಒಳಗೆ ಹೋಗಬೇಕಾದೀತು. ಕೆಲಸ ಲೈಸೆನ್ಸ್ ಇರುವ ಗನ್ ಅಂಗಡಿಗೇ ಹೋಗಬೇಕು. ಬ್ರಷ್ಷು, ಚಿಂದಿ ಬಟ್ಟೆ, ಎರಡು ಹನಿ ಎಣ್ಣೆ, ನಂಬರು ಬರೆಯಲು ಒಂದು ಪೆನ್ನು: ಇಷ್ಟಕ್ಕೆ ಯಾವ ಅಂಗಡಿಯೂ ಬೇಕಿಲ್ಲ.