ದೈಮಾಬಾದಿನ ಕಂಚಿನ ರಥ: ಕಿವಿಗೊಟ್ಟು ಕೇಳಬೇಕಾದ ಪತ್ತೇದಾರಿ ಕಥೆ

ಪ್ರಾಚೀನ ಶಿಲ್ಪ, ಅದರ ಹಿಂದೊಂದು ಗುಟ್ಟು, ಸುಳಿವು ಹುಡುಕುವ ತಜ್ಞರು. ಆಡಿಯೊ ಪುಸ್ತಕಕ್ಕೆ ಇಂಥ ಕಥೆ ಬೇಕೆಂದರೆ ಲಂಡನ್ನಿನ ಹರಾಜು ಮಳಿಗೆಗೆ ಹೋಗಬೇಕಿಲ್ಲ. ನಾಶಿಕ್ ಜಿಲ್ಲೆಯಿಂದ ದಕ್ಷಿಣಕ್ಕೆ ಇಳಿದು ಪಕ್ಕದ ಅಹಿಲ್ಯಾನಗರ ಜಿಲ್ಲೆಗೆ ಬಂದರೆ, ಪ್ರವರಾ ನದಿಯ ಎಡದಂಡೆಯಲ್ಲಿ ದೈಮಾಬಾದ್ ಸಿಗುತ್ತದೆ.

1974ರಲ್ಲಿ ಅಲ್ಲಿ ಗಿಡದ ಬುಡ ಅಗೆಯುತ್ತಿದ್ದ ರೈತರೊಬ್ಬರಿಗೆ ನಾಲ್ಕು ಕಂಚಿನ ಶಿಲ್ಪಗಳು ಸಿಕ್ಕವು: ರಥ, ಎಮ್ಮೆ, ಆನೆ, ಖಡ್ಗಮೃಗ. ಎಲ್ಲವೂ ಗಟ್ಟಿ ಎರಕ. ಒಟ್ಟು ತೂಕ 60 ಕಿಲೊಗೂ ಹೆಚ್ಚು. ರಥದ ಉದ್ದ 45 ಸೆಂ.ಮೀ. ನೊಗಕ್ಕೆ ಜೋಡೆತ್ತು, ಹಿಂದೆ ನೆಟ್ಟಗೆ ನಿಂತ 16 ಸೆಂ.ಮೀ. ಎತ್ತರದ ಸಾರಥಿ, ನಡುವೆ ಮೂಕಿಯ ಮೇಲೊಂದು ನಾಯಿ. ಮಾಡಿದ ಕೈಗೆ ಬಂಡಿಯ ಪರಿಚಯ ಚೆನ್ನಾಗಿಯೇ ಇತ್ತು.

ಯಾವ ಕಾಲದ ಕೈ ಅದು? ಲೋಥಲ್ ಉತ್ಖನನದಿಂದ ಹೆಸರಾದ ಕನ್ನಡಿಗ ಎಸ್.ಆರ್. ರಾವ್ 1974–75ರಲ್ಲಿ ದೈಮಾಬಾದಿನಲ್ಲೂ ಅಗೆಸಿದರು. ಅವರು, ಪುರಾತತ್ತ್ವಜ್ಞರಾದ ಎಂ.ಎನ್. ದೇಶಪಾಂಡೆ ಮತ್ತು ಎಸ್.ಎ. ಸಾಳಿ ಈ ಶಿಲ್ಪಗಳನ್ನು ಹರಪ್ಪಾ ನಾಗರಿಕತೆಯ ಕೊನೆಯ ಘಟ್ಟಕ್ಕೆ ಸೇರಿಸಿದರು. ಅಂದರೆ ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು. ಪುರಾತತ್ತ್ವ ವಿಜ್ಞಾನಿ ಡಿ.ಪಿ. ಅಗರವಾಲ್ ಲೋಹವನ್ನೇ ಸಾಕ್ಷಿಗೆ ಕರೆದರು. ಶಿಲ್ಪಗಳಲ್ಲಿ ಆರ್ಸೆನಿಕ್ ಶೇ 1ಕ್ಕಿಂತ ಹೆಚ್ಚಿದೆ. ತಾಮ್ರ-ಶಿಲಾಯುಗದ ಬೇರೆ ವಸ್ತುಗಳಲ್ಲಿ ಅಂಥ ಮಿಶ್ರಣ ಕಂಡಿಲ್ಲ ಎಂಬುದು ಅವರ ನಿಲುವು. ಹಾಗಾಗಿ ಇವು ಬಹಳ ಈಚಿನವು ಇರಬಹುದು ಎಂದರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಇಷ್ಟು ಕಗ್ಗಂಟಾಗಲು ಒಂದು ಮುಖ್ಯ ಕಾರಣ, ಶಿಲ್ಪಗಳು ತಜ್ಞರ ಉತ್ಖನನದಲ್ಲಿ ಸಿಗದೇ ಇದ್ದದ್ದು. ದೈಮಾಬಾದಿನ ದಿಬ್ಬದಲ್ಲಿ ಒಂದರ ಮೇಲೊಂದು ಹಲವು ಸಂಸ್ಕೃತಿಗಳ ಪದರಗಳಿವೆ. ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜತೆ ರಥ ಬಿದ್ದಿತ್ತೆಂಬುದು ದಾಖಲಾಗಿದ್ದರೆ ಕಾಲ ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು. ವಿಗ್ರಹ ಕಳ್ಳರು ಕದಿಯುವುದೂ ಮೊದಲು ಈ ಸಾಕ್ಷ್ಯವನ್ನೇ. ಕದ್ದ ಮೂರ್ತಿ ಎಂದಾದರೂ ಮರಳೀತು, ಕೆದಕಿದ ಮಣ್ಣಿನ ಮಾಹಿತಿ ಮರಳದು.

ಕನ್ನಡದ ಆಡಿಯೊ ಪುಸ್ತಕ ನಿರ್ಮಾಪಕರು ಈ ಕಥೆಯನ್ನು ಕೈಗೆತ್ತಿಕೊಳ್ಳಬೇಕು. ರೈತ, ಉತ್ಖನನಕಾರ, ಲೋಹ ವಿಜ್ಞಾನಿ ಎಂಬ ಮೂರು ದನಿಗಳು ಸಾಕು. ಕೊಲೆ ಬೇಕಿಲ್ಲ, ತೀರ್ಪು ಕೇಳುಗರಿಗೇ ಇರಲಿ. ಹೊಲದಲ್ಲಿ ಹಳೆಯ ವಸ್ತು ಕಂಡಾಗ ಅಗೆತ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಅರಿವು ಅದರಿಂದ ಒಬ್ಬ ಕೇಳುಗನಿಗೆ ಮೂಡಿದರೂ, ಇನ್ನೊಂದು ದೈಮಾಬಾದಿನ ಸಾಕ್ಷ್ಯ ಉಳಿದೀತು.